ಡಬ್ಬಿಯೊಳಗೊಂದು ಬೋರ್‌ವೆಲ್: ಅಂತರ್ಜಲ ಹರಿಯುವುದನ್ನು, ಕೆಡುವುದನ್ನು ತರಗತಿಯಲ್ಲಿ ತೋರಿಸುವ ಬಗೆ

ನೆಲದಡಿ ಹೊಳೆ ಹರಿಯುತ್ತದೆ ಎಂದೇ ಎಷ್ಟೋ ಮಕ್ಕಳ ಎಣಿಕೆ. ನೀರು ಸಂದುಸಂದುಗಳಲ್ಲಿ ಜಿನುಗಿ ಸಾಗುವುದನ್ನು ಕಣ್ಣಿಗೇ ತೋರಿಸಬೇಕು. ಅದಕ್ಕೆ 40 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸಾಕು.

ತಳಕ್ಕೆ 5 ಸೆಂ.ಮೀ. ಬೇಬಿ ಜಲ್ಲಿ, ಅದರ ಮೇಲೆ 2 ಸೆಂ.ಮೀ. ಜೇಡಿಮಣ್ಣು, ಆಮೇಲೆ ಮರಳು. ಮರಳು ಒಂದು ತುದಿಗೆ 8, ಇನ್ನೊಂದಕ್ಕೆ 4 ಸೆಂ.ಮೀ. ಇರುವಂತೆ ಇಳಿಜಾರು ಮಾಡಿ. ದಿಬ್ಬದ ತುದಿಯಲ್ಲಿ ನಾಲ್ಕು ಬೆರಳಗಲ ಜೇಡಿ ಹಾಕಬೇಡಿ. ಜಲ್ಲಿಗೆ ನೀರು ಇಂಗುವ ದಾರಿ ಅದು. ಜಲ್ಲಿ, ಮರಳನ್ನು ಮೊದಲೇ ನೀರು ತಿಳಿಯಾಗುವವರೆಗೆ ತೊಳೆದಿರಿ. ಎಂ-ಸ್ಯಾಂಡ್ ಪುಡಿ ಉಳಿದರೆ ಎಲ್ಲ ರಾಡಿ. ಜೇಡಿಯನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬೆರಳಿನಿಂದ ಡಬ್ಬಿಯ ಗೋಡೆಗೆ ಮೆತ್ತಿ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ: ಕೂದಲೆಳೆ ಸಂದಿಯಿದ್ದರೂ ಆಮೇಲೆ ಸುರಿಯುವ ಬಣ್ಣದ ನೀರು ಗೋಡೆ ಹಿಡಿದು ಇಳಿದುಬಿಡುತ್ತದೆ.

ಹ್ಯಾಂಡ್‌ವಾಶ್ ಬಾಟಲಿಯ ಎರಡು ಪಂಪುಗಳೇ ಬಾವಿ, ಬೋರ್‌ವೆಲ್. ಕೊಳವೆಯ ಬಾಯಿಗೆ ನೈಲಾನ್ ಕಾಲುಚೀಲದ ತುಂಡು ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದು ಮರಳಿನಲ್ಲೇ ನಿಲ್ಲಲಿ. ಇನ್ನೊಂದು ಜೇಡಿ ದಾಟಿ ಜಲ್ಲಿಗಿಳಿಯಲಿ, ಸುತ್ತ ಜೇಡಿ ಮೆತ್ತಿ. ದಿಬ್ಬದ ಮರಳು ಅರ್ಧ ನೆನೆಯುವಷ್ಟು ನೀರು ಹಾಕಿ ತಗ್ಗಿನ ತುದಿಯನ್ನು ತೋಡಿದರೆ ಕೆರೆ ತಾನಾಗಿ ತುಂಬುತ್ತದೆ.

ಈಗ ಕೆಂಪು ಫುಡ್ ಕಲರ್, ಅರ್ಧ ಲೋಟ ನೀರಿಗೆ ಅರ್ಧ ಚಮಚ. (ಅರಿಶಿನ ಬೇಡ, ಕರಗದೆ ಮರಳಿನಲ್ಲೇ ಸಿಕ್ಕಿಕೊಳ್ಳುತ್ತದೆ.) ಜೇಡಿ ಇರುವ ಕಡೆ, ಗೋಡೆಗೆ ಒತ್ತಿದಂತೆ ಸಣ್ಣ ಗುಂಡಿ ಮಾಡಿ ಸುರಿಯಿರಿ, ಅದು ಶೌಚದ ಗುಂಡಿ. ಮುಚ್ಚಳಕ್ಕೆ ತೂತು ಹೊಡೆದ ಬಾಟಲಿಯಿಂದ ದಿಬ್ಬಕ್ಕೆ ಮಳೆ ಹುಯ್ಯುತ್ತಾ, ಕೆರೆಯ ನೀರನ್ನು ಸಿರಿಂಜಿನಿಂದ ತೆಗೆಯುತ್ತಿದ್ದರೆ ಬಣ್ಣ ಕೆರೆಯತ್ತ ಸರಿಯುತ್ತದೆ. ಮರಳಿನ ಬಾವಿಯನ್ನು ಒತ್ತಿದಾಗ ಅದೇ ಬಣ್ಣ ಹಾದಿ ಬದಲಿಸಿ ಬಾವಿಯತ್ತ ವಾಲುತ್ತದೆ. ಮಕ್ಕಳು ನೋಡಬೇಕಾದ್ದು ಇದನ್ನೇ, ಅವಸರ ಮಾಡಬೇಡಿ. ಮೊದಲ ನಾಲ್ಕಾರು ಒತ್ತಿಗೆ ಬರೀ ಗಾಳಿ ಬರುತ್ತದೆ.

ಬೋರ್‌ವೆಲ್ ಒತ್ತಿ: ನೀರು ತಿಳಿಯಾಗಿರುತ್ತದೆ. ಬಣ್ಣದ ಜಾಗದಲ್ಲಿ ಪೆನ್ಸಿಲ್ ಚುಚ್ಚಿ ಜೇಡಿ ತೂತು ಮಾಡಿ, ಇದು ಮುಚ್ಚದೆ ಬಿಟ್ಟ ಹಳೇ ಬೋರ್‌ವೆಲ್. ಮತ್ತೆ ಒತ್ತುತ್ತಾ ಹೋದರೆ ಕೆಂಪು ಬರುತ್ತದೆ. ಆಮೇಲೆ ಶುದ್ಧ ನೀರು ಹುಯ್ದು, ಹೊರಬಂದದ್ದನ್ನು ಲೋಟಗಳಿಗೆ ಹಿಡಿದು ಬಿಳಿ ಹಾಳೆಯ ಮೇಲೆ ಸಾಲಾಗಿಡಿ. ಪೀರಿಯಡ್ ಮುಗಿದರೂ ಬಣ್ಣ ಪೂರ್ತಿ ಹೋಗುವುದಿಲ್ಲ.

ಎರಡು ಮಾತು ಬಾಯಲ್ಲೇ ಹೇಳಬೇಕು. ಕರ್ನಾಟಕದ ಬಹುಪಾಲು ಕಡೆ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಮರಳಿಗಿಂತ ವೇಗವಾಗಿ ಓಡಬಲ್ಲದು. ಶೌಚದ ಗುಂಡಿಯಿಂದ ಬರುವ ನೈಟ್ರೇಟ್ ಎಂಬ ಲವಣಕ್ಕೆ ಬಣ್ಣವಿಲ್ಲ, ಕುದಿಸಿದರೂ ಹೋಗದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.