ಹೊಸ ರೀಫ್ ಟ್ಯಾಂಕ್‌ನಲ್ಲಿ ಪಾಚಿ ಕಾಟ ಕಮ್ಮಿ ಮಾಡೋದು ಹೇಗೆ

ರೀಫ್ ಟ್ಯಾಂಕ್ ಅಂದರೆ ಹವಳ ಸಾಕೋ ಉಪ್ಪು ನೀರಿನ ಅಕ್ವೇರಿಯಂ. ಪಾಚಿ ಬರದೇ ಇರೋ ಹೊಸ ಟ್ಯಾಂಕ್ ನಾನಂತೂ ನೋಡಿಲ್ಲ. ಕಲ್ಲು ಬೋಳು, ಮರಳು ಬೋಳು, ಮೇಲೆ ಜೋರಾದ ಲೈಟ್, ಖಾಲಿ ಜಾಗ ಕಂಡರೆ ಯಾರಾದರೂ ಟವೆಲ್ ಹಾಕೇ ಹಾಕ್ತಾರಲ್ವಾ? ಒಳ್ಳೆಯ ಬ್ಯಾಕ್ಟೀರಿಯಾ, ನೇರಳೆ ಬಣ್ಣದ ಕೋರಲೈನ್ ಪಾಚಿ ಇವೆಲ್ಲ ಕಲ್ಲಿನ ಮೇಲೆ ನೆಲೆ ನಿಲ್ಲೋಕೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಕಾಟ ಕೊಡೋ ಪಾಚಿಗೆ ಊಟ, ಬೆಳಕು ಎರಡೂ ಜಾಸ್ತಿ ಸಿಗದ ಹಾಗೆ ನೋಡಿಕೊಳ್ಳಬೇಕು.

ಮೊದಲು ನೀರು. ನಲ್ಲಿ ನೀರಲ್ಲಿ ಪಾಚಿಗೆ ಊಟವಾಗೋ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರಬಹುದು, ಹಾಗಾಗಿ ಆರ್‌ಒ ಡಿಐ ನೀರೇ (ಶೋಧಿಸಿ ಕರಗಿದ್ದನ್ನೆಲ್ಲ ತೆಗೆದ ನೀರು) ಬಳಸಿ. ನೀರಲ್ಲಿ ಕರಗಿರೋದನ್ನು ಅಳೆಯೋ ಟಿಡಿಎಸ್ ಮೀಟರ್ 0 ತೋರಿಸಬೇಕು. ನಾನು ಉಪ್ಪು ಬೆರೆಸೋಕೆ ಮಾತ್ರ ಒಳ್ಳೆ ನೀರು ಬಳಸಿ, ಆವಿಯಾಗಿ ಕಮ್ಮಿ ಆದದ್ದಕ್ಕೆ "ಒಂದು ಚೊಂಬು ತಾನೇ" ಅಂತ ನಲ್ಲಿ ನೀರು ಸುರೀತಿದ್ದೆ. ಆವಿಯಾಗಿ ಹೋಗೋದು ನೀರು ಮಾತ್ರ, ಅದರಲ್ಲಿ ಇದ್ದದ್ದೆಲ್ಲ ಟ್ಯಾಂಕಲ್ಲೇ ಉಳಿದು ದಿನಾ ಸೇರುತ್ತಾ ಹೋಗುತ್ತದೆ. ಗಾಜು ಒರೆಸಿದ ಎರಡೇ ದಿನಕ್ಕೆ ಮತ್ತೆ ಕಂದು.

ಆಮೇಲೆ ಕಲ್ಲು. ಡ್ರೈ ರಾಕ್ (ಒಣಗಿದ, ಜೀವ ಇಲ್ಲದ ಕಲ್ಲು) ನೋಡೋಕೆ ಶುಭ್ರ, ಆದರೆ ಒಳಗೆ ಹಳೇ ಸತ್ತ ಜೀವಿಗಳ ಅವಶೇಷ, ಫಾಸ್ಫೇಟ್ ಇರಬಹುದು. ಮುಚ್ಚಳ ಇರೋ ಡ್ರಮ್ಮಿನಲ್ಲಿ ಉಪ್ಪು ನೀರು, ಒಂದು ಪಂಪ್ ಹಾಕಿ ಕತ್ತಲಲ್ಲಿ ಕೆಲವು ವಾರ ನೆನೆಸಿ, ಫಾಸ್ಫೇಟ್ ಟೆಸ್ಟ್ ಮಾಡಿ, ಜಾಸ್ತಿ ಬಂದರೆ ನೀರು ಬದಲಿಸಿ. ಜೊತೆಗೆ ಒಂದು ಸಣ್ಣ ಲೈವ್ ರಾಕ್ (ಜೀವಿಗಳಿರೋ ಕಲ್ಲು) ತುಂಡು ಇಟ್ಟರೆ ಒಳ್ಳೇದು, ಬಾಟಲಿಯಲ್ಲಿ ಮಾರೋ ಬ್ಯಾಕ್ಟೀರಿಯಾದ ಜೊತೆ ಸಿಗದ ಎಷ್ಟೋ ಸಣ್ಣ ಜೀವಿಗಳು ಅದರ ಜೊತೆ ಬರುತ್ತವೆ.

ಸೈಕಲ್ ಆಗುವಾಗ, ಅಂದರೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ತಯಾರಾಗೋ ಮೊದಲ ವಾರಗಳಲ್ಲಿ, ಲೈಟ್ ಹಾಕಲೇಬೇಡಿ. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗೋಕೆ ಮೂರರಿಂದ ಆರು ವಾರ ಹಿಡಿಯಬಹುದು, ಆ ಬ್ಯಾಕ್ಟೀರಿಯಾಗಳಿಗೆ ಬೆಳಕು ಬೇಕಾಗಿಲ್ಲ. ಹವಳ ಇಲ್ಲದ ಟ್ಯಾಂಕಿಗೆ ಹತ್ತು ಗಂಟೆ ಲೈಟ್ ಯಾಕೆ ಹೇಳಿ, ಸುಮ್ನೆ ಪಾಚಿ ಬೆಳೆಸೋಕೆ? ಹವಳ ತಂದ ಮೇಲೆ ಕಮ್ಮಿ ಪವರ್‌ನಲ್ಲಿ ನಾಲ್ಕೈದು ಗಂಟೆಯಿಂದ ಶುರು ಮಾಡಿ, ವಾರಕ್ಕೆ ಒಂದು ಗಂಟೆ ಏರಿಸುತ್ತಾ ಎಂಟಕ್ಕೆ ಬನ್ನಿ.

ಮೀನು ಒಂದೊಂದೇ ಬಿಡಿ. ಫ್ರೋಜನ್ ಆಹಾರ ಕರಗಿದ ಮೇಲೆ ಜರಡಿಯಲ್ಲಿ ಸೋಸಿ, ಆ ಗೊಜ್ಜು ನೀರು ಸಿಂಕಿಗೆ. ಫಿಲ್ಟರ್ ಸಾಕ್ಸ್ (ನೀರಿನ ಕಸ ಹಿಡಿಯೋ ಬಟ್ಟೆ ಚೀಲ) ಮೂರು ದಿನಕ್ಕೊಮ್ಮೆ ಬದಲಿಸಿ, ವಾರವಾರ 10% ನೀರು ಬದಲಿಸೋ ಮೊದಲು ಕಲ್ಲಿನ ಸಂದಿಗಳಿಗೆ ಪಿಚಕಾರಿಯಲ್ಲಿ ನೀರು ಹೊಡೆದು ನೋಡಿ, ಎದ್ದು ಬರೋ ಕಸಕ್ಕೆ ನೀವೇ ಬೆಚ್ಚಿಬೀಳ್ತೀರಿ.

ಈಗ ಎಲ್ಲರೂ ಮಾಡೋ ತಪ್ಪು: ನೈಟ್ರೇಟ್, ಫಾಸ್ಫೇಟ್ ಸೊನ್ನೆ ಮಾಡೋ ಹುಚ್ಚು. ನನಗೂ ಹಿಡಿದಿತ್ತು. ಫಾಸ್ಫೇಟ್ ಹೀರಿಕೊಳ್ಳೋ ಕಾಳು, ಅಂದರೆ ಜಿಎಫ್‌ಒ ಧಾರಾಳವಾಗಿ ಹಾಕಿದೆ, ಟೆಸ್ಟ್ ಕಿಟ್‌ನಲ್ಲಿ ಬಣ್ಣವೇ ಬರಲಿಲ್ಲ, ಖುಷಿಯೋ ಖುಷಿ. ಕೆಲವೇ ದಿನಗಳಲ್ಲಿ ಮರಳಿನ ಮೇಲೆ ಸಿಂಬಳದ ಹಾಗೆ ಕಂದು ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಮಾಯ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಾಜರ್. ಅದು ಡೈನೋಫ್ಲಾಜೆಲೇಟ್ ಅನ್ನೋ ಏಕಕೋಶ ಜೀವಿ. ಬೇರೆ ಯಾರಿಗೂ ಊಟ ಇಲ್ಲದಾಗಲೇ ಅದಕ್ಕೆ ಹಬ್ಬ, ಓಡಿಸೋದು ಹಸಿರು ಪಾಚಿಗಿಂತ ಎಷ್ಟೋ ಕಷ್ಟ. ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ ಆಸುಪಾಸಿನಲ್ಲಿದ್ದರೆ ಸುಮ್ಮನಿರಿ.

ಗುರುತು ಹಿಡಿಯೋದು ಕಷ್ಟವಲ್ಲ. ಧೂಳಿನ ಹಾಗೆ ಒರೆಸಿದರೆ ಹೋಗೋ ಕಂದು ಪದರ ಡಯಾಟಮ್ ಅನ್ನೋ ಪಾಚಿ, ಸಿಲಿಕೇಟ್ ಮುಗಿದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕೆಂಪಗೆ ಹಾಳೆಯ ಹಾಗೆ ಎದ್ದು ಬಂದರೆ ಸಯನೋ, ಅದು ನಿಜಕ್ಕೆ ಬ್ಯಾಕ್ಟೀರಿಯಾ, ಅಲ್ಲಿ ನೀರಿನ ಓಟ ಜಾಸ್ತಿ ಮಾಡಿ, ಪೈಪಿನಲ್ಲಿ ಹೀರಿ ತೆಗೀರಿ. ಹಸಿರು ಕೂದಲಿನಂಥದ್ದು ಕಂಡರೆ ಚಿಕ್ಕದಿದ್ದಾಗಲೇ ಕೈಯಲ್ಲಿ ಕಿತ್ತುಬಿಡಿ. ಟ್ಯಾಂಕ್ ಒಳಗೇ ಉಜ್ಜಬೇಡಿ, ತುಂಡುಗಳು ಹರಡುತ್ತವೆ. ಆ ಕಲ್ಲನ್ನು ಟ್ಯಾಂಕ್ ನೀರಿರೋ ಬಕೆಟ್ಟಿಗೆ ಹಾಕಿ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ.

ಪಾಚಿ ತಿನ್ನೋ ಬಸವನಹುಳುಗಳನ್ನು ಮೊದಲ ಕಂದು ಪದರ ಬಂದ ಮೇಲೆ ತನ್ನಿ, ಅದಕ್ಕೆ ಮೊದಲು ತಂದರೆ ಹೊಟ್ಟೆಗಿಲ್ಲದೆ ಸಾಯುತ್ತವೆ, ಸತ್ತು ಕೊಳೆತರೆ ಅದೂ ಪಾಚಿಗೇ ಗೊಬ್ಬರ. ನನ್ನ ಆಯ್ಕೆ ಟ್ರೋಕಸ್ ಅನ್ನೋ ಜಾತಿ. ಅಂಗಾತ ಬಿದ್ದರೆ ತಾನೇ ಮಗುಚಿಕೊಂಡು ಏಳುತ್ತದೆ. ಆಸ್ಟ್ರಿಯಾ ಅನ್ನೋ ಇನ್ನೊಂದು ಜಾತಿಗೆ ಅದು ಕಷ್ಟ, ದಿನಾ ನೀವೇ ಕೈ ಹಾಕಿ ಎತ್ತಿ ನಿಲ್ಲಿಸಬೇಕು.

ಹವಳದ ಜೊತೆ ಬರೋ ಸಿಮೆಂಟ್ ಬಿಲ್ಲೆಯನ್ನು ಟಾರ್ಚ್ ಹಿಡಿದು ನೋಡಿ. ಜರೀಗಿಡದ ಎಲೆಯಂಥ ಹಸಿರು ಕಂಡರೆ ಬ್ರಯೋಪ್ಸಿಸ್ ಅನ್ನೋ ಪಾಚಿ ಇರಬಹುದು, ಹಸಿರು ಗಾಜಿನ ಗೋಲಿಯಂಥದ್ದು ಕಂಡರೆ ಬಬಲ್ ಪಾಚಿ. ಹವಳದ ಹುಳ ಕೊಲ್ಲೋಕೆ ಅಂತ ಅದ್ದೋ ಔಷಧಿ ನೀರು, ಅಂದರೆ ಡಿಪ್‌ನಿಂದ ಇವು ಸಾಯುತ್ತವೆ ಅಂತ ನಂಬಬೇಡಿ. ಹವಳವನ್ನು ಬಿಲ್ಲೆಯಿಂದ ಬಿಡಿಸಿ, ಹೊಸ ಬಿಲ್ಲೆಗೆ ಅಂಟಿಸಿ, ಹಳೇದನ್ನು ಕಸಕ್ಕೆ ಹಾಕಿ.