ಏಪ್ಟೇಸಿಯಾ ಕಂಡರೆ ಕೀಳಬೇಡಿ, ಸುಣ್ಣ ಹಾಕಿ

ಉಪ್ಪುನೀರಿನ ಅಕ್ವೇರಿಯಂಗೆ ಲೈವ್ ರಾಕ್ (ಜೀವಿಗಳು ಅಂಟಿರುವ ಕಡಲ ಬಂಡೆ) ಜೊತೆ ಬಂದ ಕಂದು ಏಪ್ಟೇಸಿಯಾವನ್ನು (ಕಳೆಯಂತೆ ಹಬ್ಬುವ ಸಣ್ಣ ಸೀ ಅನಿಮೋನ್) ಕೆರೆದು ತೆಗೆಯಬೇಡಿ. ಅದರ ಬಾಯಿಗೇ ಸುಣ್ಣದ ಪೇಸ್ಟ್ ಮೆತ್ತಿ. ಕೆರೆದರೆ ಬಂಡೆಗೆ ಅಂಟಿ ಉಳಿದ ಪಾದದ ಚೂರೇ ಮತ್ತೆ ಚಿಗುರುತ್ತದೆ, ಸುಣ್ಣದ ಕ್ಷಾರವಾದರೆ ಒಳಗಿಂದಲೇ ಸುಡುತ್ತದೆ. ಒಂದು ಚಮಚ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ಗೆ (ಇದೇ ಆ ಸುಣ್ಣ) ಆರ್‌ಒ ನೀರು ಹನಿಹನಿಯಾಗಿ ಬೆರೆಸಿ, ಗಟ್ಟಿ ಮೊಸರಿನ ಹದಕ್ಕೆ ಬಂದಾಗ ಸಿರಿಂಜಿಗೆ ತುಂಬಿ. ಕೈಗವಸು ಇರಲಿ. ಪಂಪ್ ನಿಲ್ಲಿಸಿ ಮೆಲ್ಲಗೆ ಹತ್ತಿರ ಹೋಗಿ (ಸ್ವಲ್ಪ ತಾಗಿದರೂ ಗಪ್ಪನೆ ಮುದುಡಿಕೊಳ್ಳುತ್ತದೆ), ಪೂರ್ತಿ ಮುಚ್ಚಿ, 15 ನಿಮಿಷ ಬಿಟ್ಟು ಪಂಪ್ ಹಾಕಿ. ದಿನಕ್ಕೆ ಮೂರ್ನಾಲ್ಕು ಏಪ್ಟೇಸಿಯಾಗಳಿಗೆ ಹಾಕಿದರೆ ಸಾಕು. ಹೆಚ್ಚಾದರೆ ಸಣ್ಣ ಟ್ಯಾಂಕಿನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜಿಗಿಯುತ್ತದೆ. ಎಲೆಯಡಿಕೆ ಸುಣ್ಣ ಮಾತ್ರ ಬೇಡ, ಬಣ್ಣ-ಸುವಾಸನೆ ಬೆರೆತಿರಬಹುದು. ಆಳವಾದ ಬಿರುಕಿನೊಳಗೆ ಸೇರಿಕೊಂಡಿದ್ದರೆ ಈ ಉಪಾಯ ನಡೆಯದು. ಅಲ್ಲಿಗೆ ಏಪ್ಟೇಸಿಯಾ ತಿನ್ನುವ ಪೆಪ್ಪರ್‌ಮಿಂಟ್ ಸೀಗಡಿ ಬಿಡಿ, ಎಲ್ಲ ಸೀಗಡಿಗಳೂ ತಿನ್ನುವುದಿಲ್ಲ ಅನ್ನುವುದು ಬೇರೆ ಮಾತು.