ಮೆಣಸಿನ ಬೀಜಕ್ಕೆ ನೀರಿಗಿಂತ ಬಿಸಿ ಮುಖ್ಯ

ದಿನಾ ನೀರು ಹಾಕಿದರೂ ಮೆಣಸಿನಕಾಯಿ ಬೀಜ ಮೊಳೆಯಲೇ ಇಲ್ಲ ಅನ್ನುವವರು ಬಹಳ. ಬೈಗುಳ ಬೀಳುವುದು ಬೀಜಕ್ಕೆ. ನಿಜವಾದ ಕಾರಣ ಹೆಚ್ಚಾಗಿ ತಣ್ಣಗಿನ ಮಣ್ಣು ಮತ್ತು ಅತಿಯಾದ ನೀರು. ಮಣ್ಣಿನ ಬಿಸಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯ ತಳಿಗಳು ಒಂದೆರಡು ವಾರದಲ್ಲಿ ಮೊಳೆಯುತ್ತವೆ. 20ಕ್ಕಿಂತ ಕೆಳಗಿಳಿದರೆ ತೀರಾ ನಿಧಾನ. ಹಬನೇರೊದಂಥ ಭಾರಿ ಖಾರದ ತಳಿಗಳಂತೂ ಮೂರ್ನಾಲ್ಕು ವಾರ ಸತಾಯಿಸುವುದುಂಟು.

ಬೀಜ ಯಾವುದು?

ಹಸಿರು ಕಾಯಿಯ ಬೀಜ ಬೇಡ, ಅದಿನ್ನೂ ಬಲಿತಿರುವುದಿಲ್ಲ. ಗಿಡದಲ್ಲೇ ಪೂರ್ತಿ ಹಣ್ಣಾದ ಕಾಯಿ ಸೀಳಿ ಬೀಜ ತೆಗೆದು, ನೆರಳಲ್ಲಿ ಒಂದು ವಾರ ಒಣಗಿಸಿ. ಕೈಗವಸು ಹಾಕಿಕೊಳ್ಳಿ. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ನೀವು ಕೈ ಹಾಕುವುದು ಅಲ್ಲಿಗೇ ಅಲ್ವಾ? ಡಬ್ಬಿಯಲ್ಲಿರುವ ಒಣಮೆಣಸಿನ ಬೀಜವೂ ಮೊಳೆಯಬಹುದು. ಆದರೆ ಹಳೆಯದಾಗಿದ್ದರೆ, ಯಂತ್ರದ ಶಾಖದಲ್ಲಿ ಒಣಗಿಸಿದ್ದರೆ ನಂಬಬೇಡಿ. ಹೈಬ್ರಿಡ್ ಕಾಯಿಯ ಬೀಜ ಹಾಕಿದರೆ ಗಿಡವೇನೋ ಬರುತ್ತದೆ, ಕಾಯಿ ಮಾತ್ರ ಮೊದಲಿನಂತೆಯೇ ಇರುತ್ತದೆ ಎನ್ನಲಾಗದು.

ಮೊಳಕೆ ಬರಿಸುವುದು

ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಟಿಶ್ಯೂ ಪೇಪರ್ ಒದ್ದೆ ಮಾಡಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಹಿಂಡಿ. ಬೀಜಗಳನ್ನು ಬಿಡಿಬಿಡಿಯಾಗಿ ಹರವಿ, ಪೇಪರ್ ಮಡಚಿ, ಮುಚ್ಚಳದ ಡಬ್ಬಿಯಲ್ಲಿ ಇಟ್ಟುಬಿಡಿ. ಫ್ರಿಜ್ ಮೇಲೆ ಅಥವಾ ಮನೆಯಲ್ಲಿ ಬೆಚ್ಚಗಿರುವ ಇನ್ಯಾವುದಾದರೂ ಜಾಗ ಸಾಕು. ನೇರ ಬಿಸಿಲಿಗೆ ಇಟ್ಟರೆ ಡಬ್ಬಿಯೊಳಗೆ ಬೀಜ ಬೆಂದೇ ಹೋಗುತ್ತದೆ. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿ. ಬೂಸ್ಟು ಕಂಡರೆ ಪೇಪರ್ ಬದಲಿಸಿ.

ಮೊದಲು ಬೀಜದ ಅಂಚಿನಲ್ಲಿ ಬಿಳಿ ಚುಕ್ಕೆಯೊಂದು ಇಣುಕುತ್ತದೆ. ಅದೇ ಬೇರು. ಅರ್ಧ ಸೆಂಟಿಮೀಟರ್ ಆಗುವಷ್ಟರಲ್ಲಿ ಮಣ್ಣಿಗೆ ಹಾಕಿಬಿಡಿ. ತಡಮಾಡಿದರೆ ಬೇರು ಪೇಪರ್‌ಗೆ ಹೆಣೆದುಕೊಳ್ಳುತ್ತದೆ, ಬಿಡಿಸಲು ಹೋದರೆ ಮುರಿಯುತ್ತದೆ. ಅಂಟಿದ್ದರೆ ಪೇಪರ್ ತುಂಡಿನ ಸಮೇತ ನೆಟ್ಟರೂ ಅಡ್ಡಿಯಿಲ್ಲ.

ಸಸಿಯ ಕಾಲ

ತಳಕ್ಕೆ ತೂತು ಮಾಡಿದ ಲೋಟಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಸ್ವಲ್ಪ ಎರೆಹುಳು ಗೊಬ್ಬರ ಬೆರೆಸಿ ತುಂಬಿ. ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ, ಬೇರು ಕೆಳಮುಖವಾಗಿ ಇಟ್ಟು ಹಗುರಾಗಿ ಮುಚ್ಚಿ. ಎಲೆ ಮೇಲೆ ಬಂದ ದಿನದಿಂದಲೇ ಚೆನ್ನಾಗಿ ಬೆಳಕು ಬೇಕು. ಇಲ್ಲದಿದ್ದರೆ ಕಾಂಡ ದಾರದಂತೆ ಉದ್ದವಾಗಿ ಬಾಗುತ್ತದೆ.

ಚೆನ್ನಾಗಿದ್ದ ಸಸಿ ಬೆಳಿಗ್ಗೆ ನೋಡಿದರೆ ಬುಡ ಕರಗಿ ಮಲಗಿದೆಯೇ? ಅದು ಶಿಲೀಂಧ್ರದಿಂದ ಬರುವ ಕೊಳೆ ರೋಗ. ಬಿದ್ದ ಸಸಿ ಮತ್ತೆ ಏಳುವುದಿಲ್ಲ, ತೆಗೆದು ಎಸೆಯಿರಿ. ತಡೆಯುವುದಕ್ಕೆ ಸುಲಭ ದಾರಿಯಿದೆ: ಲೋಟವನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ಕೆಳಗಿನಿಂದ ಕುಡಿಸಿ, ಆಮೇಲೆ ತಟ್ಟೆಯಿಂದ ತೆಗೆದಿಡಿ. ಮೇಲ್ಮಣ್ಣು ಒಣಗುವ ತನಕ ಮತ್ತೆ ನೀರು ಬೇಡ.

ಕುಂಡಕ್ಕೆ

ಮೊದಲ ಎರಡೆಲೆ ಲೆಕ್ಕಕ್ಕಿಲ್ಲ. ಅವುಗಳ ಮೇಲೆ ನಾಲ್ಕರಿಂದ ಆರು ಎಲೆ ಬಂದಾಗ ಸಸಿ ಸಿದ್ಧ. ಒಮ್ಮೆಲೇ ಬಿಸಿಲಿಗೆ ತಳ್ಳಬೇಡಿ. ಮೊದಲ ದಿನ ಒಂದು ಗಂಟೆ, ಮರುದಿನ ಇನ್ನಷ್ಟು, ಹೀಗೆ ಒಂದು ವಾರ ರೂಢಿ ಮಾಡಿಸಿ. ಒಂದು ಗಿಡಕ್ಕೆ 10-12 ಇಂಚಿನ ಕುಂಡ ಬೇಕು. ಸಂಜೆ ನೆಡಿ, ಬೇರಿನ ಮಣ್ಣು ಉದುರದಿರಲಿ. ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಸುಕಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಗಿಡವೇ ಹೋಯಿತು.

ಹೂ ಉದುರಿದರೆ ಸುಮ್ನೆ ಗೊಬ್ಬರ ಸುರಿಯಬೇಡಿ. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಹೂ ಉದುರುವುದು ಸಹಜ. ಮಧ್ಯಾಹ್ನ ನೆರಳು ಕೊಡಿ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಿ. ಬಿರುಬಿಸಿಲಿನ ದಿನಗಳು ಕಳೆದ ಮೇಲೆ ಬರುವ ಹೂಗಳು ಕಾಯಿ ಕಚ್ಚುತ್ತವೆ.